ಚಕ್ರಕ್ಕೆ ಕಟ್ಟಿದ ಅರಿಶಿನದ ಕೊಂಬು

ಮೊನ್ನೆ ಅತ್ತಿಗುಪ್ಪೆ ಸಿಗ್ನಲ್ಲಿನಲ್ಲಿ ನನ್ನ ಪಕ್ಕಕ್ಕೆ ಬಂದು ನಿಂತ ಸ್ಕೂಟರಿನವರೊಬ್ಬರು ನನ್ನ ಬೈಕಿನ ಮುಂದಿನ ಚಕ್ರವನ್ನೇ ನೋಡುತ್ತಿದ್ದರು. ಕೊನೆಗೆ ತಡೆಯಲಾರದೆ, "ಮೇಡಂ, ಕಡ್ಡಿಲಿ ಏನೋ ಸಿಕ್ಕಾಕ್ಕೊಂಡಿದೆ ನೋಡಿ" ಅಂದರು.

"ಗೊತ್ತು ಸಾರ್. ಅರಿಶಿನದ ಕೊಂಬು."

"ಓ, ಪೂಜೆದಾ? ಯಾರು ಕಟ್ಟಿದ್ದು?"

"ನಾನೇ."

ಅವರ ಮುಖದ ಮೇಲೆ ಒಂದು ಸಮಾಧಾನ ಹರಡಿತು. "ಈಗಿನ ಕಾಲದ ಹೆಣ್ಮಕ್ಕಳಲ್ಲಿ ಇಂಥ ನಂಬಿಕೆ ಇರೋದೇ ಅಪರೂಪ ಬಿಡಿ" ಅನ್ನುವಷ್ಟರಲ್ಲಿ ಸಿಗ್ನಲ್ ಹಸಿರಾಯಿತು, ಹಿಂದಿನವರೆಲ್ಲ ಹಾರನ್ ಒತ್ತತೊಡಗಿದರು. ಇಲ್ಲದಿದ್ದರೆ ನಾನು ಗಾಡಿ ಪಕ್ಕಕ್ಕೆ ಹಾಕಿ, ಅವರನ್ನೂ ಹಾಕಿಸಿ, ಅರ್ಧ ಗಂಟೆ ಉತ್ತರ ಕೊಡುತ್ತಿದ್ದೆ. ಅವರು ತಪ್ಪಿಸಿಕೊಂಡರು. ನೀವು ಸಿಕ್ಕಿದ್ದೀರಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಏನನ್ನೂ ಸುಮ್ಮನೆ ನಂಬುವವಳಲ್ಲ. ದೇವರು ಇರಲಿ, ಶಕುನ ಇರಲಿ, ಪೇಪರಿನ ಮೂಲೆಯ ರಾಶಿಫಲ ಇರಲಿ, "ಮನೆ ಬಿಟ್ಟೆ, ಐದೇ ನಿಮಿಷ" ಅನ್ನುವ ಗೆಳತಿ ಇರಲಿ, ಎಲ್ಲರಿಗೂ ನನ್ನದು ಒಂದೇ ಪ್ರಶ್ನೆ: ಸಾಕ್ಷಿ ಎಲ್ಲಿ? ಇದರಲ್ಲಿ ನನ್ನ ತಪ್ಪೇನೂ ಇಲ್ಲ. ಐದನೇ ಕ್ಲಾಸಿನಲ್ಲಿ ಮೇಷ್ಟ್ರು ಚರ್ಚಾಸ್ಪರ್ಧೆಗೆ ಚೀಟಿ ಎತ್ತಿಸಿದಾಗ ನನ್ನ ಕೈಗೆ ಬಂದದ್ದು 'ವಿರೋಧ'. ವಿಷಯ, 'ಮುಂಜಾನೆ ಬೇಗ ಏಳುವುದು ಒಳ್ಳೆಯದು'. ಬೆಳಗ್ಗೆ ಬೇಗ ಏಳುವ ಕೋಳಿಗೆ ಕೊನೆಗೆ ಆಗುವುದೇನು ಅಂತ ಕೇಳಿ ಕೂತೆ. ಇಡೀ ಸಭೆ ನಕ್ಕಿತು. ಬಹುಮಾನವಾಗಿ ಒಂದು ಸ್ಟೀಲ್ ಡಬ್ಬಿ ಬಂತು, ಮೇಲೆ 'ಚರ್ಚಾಸ್ಪರ್ಧೆ, ಪ್ರಥಮ' ಅಂತ ಕೊರೆದದ್ದು. ಅವತ್ತಿನಿಂದ ನಾನು 'ವಿರೋಧ'ದಿಂದ ಇಳಿದೇ ಇಲ್ಲ. ಕಾಲೇಜು ಮುಗಿಯುವ ಹೊತ್ತಿಗೆ ಮನೆಯಲ್ಲಿ ಇನ್ನೂ ಒಂಬತ್ತು ಡಬ್ಬಿ, ಆರು ಲೋಟ, ಒಂದು ಗೋಡೆ ಗಡಿಯಾರ. ಗಡಿಯಾರ ಮೊದಲ ವಾರವೇ ನಿಂತುಹೋಯಿತು. ಮೊದಲು ಗೆದ್ದ ಡಬ್ಬಿಯ ಮುಚ್ಚಳ ತಂದ ದಿನದಿಂದಲೂ ಸಡಿಲ. ಈ ಮುಚ್ಚಳವನ್ನು ನೆನಪಿಟ್ಟುಕೊಳ್ಳಿ.

ನಾನು ಈಗ ಓಡಿಸುವ ಬೈಕು ಅಪ್ಪನದು. ನನಗಿಂತ ಒಂದು ವರ್ಷ ದೊಡ್ಡದು, ಆದ್ದರಿಂದ ಮನೆಯಲ್ಲಿ ಅದಕ್ಕೆ ಹಿರಿಯ ಮಗಳ ಸ್ಥಾನ. ಅಪ್ಪ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ನಾನು ಚಿಕ್ಕವಳಿದ್ದಾಗ ಭಾನುವಾರವೆಂದರೆ ಕೆಂಗೇರಿಯ ದೊಡ್ಡಮ್ಮನ ಮನೆ. ನಾನು ಪೆಟ್ರೋಲ್ ಟ್ಯಾಂಕಿನ ಮೇಲೆ, ಅಪ್ಪನ ಗಲ್ಲ ನನ್ನ ನೆತ್ತಿಯ ಮೇಲೆ, ಹಿಂದೆ ಅಮ್ಮ ಒಂದು ಪಕ್ಕಕ್ಕೆ ಕಾಲು ಹಾಕಿ ಕೂತು ತೊಡೆಯ ಮೇಲೆ ಬಸ್ಸಾರಿನ ಡಬ್ಬಿ. ದೊಡ್ಡಮ್ಮನಿಗೆ ತಂಗಿಯ ಕೈ ಬಸ್ಸಾರು ಆಗಲೇಬೇಕು. ಬೇಸಿಗೆಯಲ್ಲಿ ಟ್ಯಾಂಕು ಕಾದು ಹಂಚಾಗಿರುತ್ತಿತ್ತು. ಅಮ್ಮ ನಾಲ್ಕು ಮಡಿಕೆಯ ಟವೆಲ್ ಹಾಸಿ ನನ್ನನ್ನು ದೋಸೆ ಹುಯ್ದ ಹಾಗೆ ಕೂರಿಸುತ್ತಿದ್ದಳು. ವೇಗ ತೋರಿಸುವ ಮುಳ್ಳು ನನ್ನ ಮೂಗಿನ ನೇರಕ್ಕೇ ಇರುತ್ತಿತ್ತು. ಅದು ನಲವತ್ತು ದಾಟಿದರೆ ನಾನು ಕೂಗುವುದು, ಅಮ್ಮ ಹಿಂದಿನಿಂದ ಅಪ್ಪನ ಭುಜ ಚಿವುಟುವುದು. ಮನೆಯ ವೇಗಮಿತಿ ಹಾಗೆ ಜಾರಿಯಲ್ಲಿತ್ತು.

ಅಪ್ಪನ ಮಂಡಿ ಕೈಕೊಟ್ಟ ಮೇಲೆ ಬೈಕು ನನ್ನ ಕೈಗೆ ಬಂತು. ಅಮ್ಮ ಮಾತ್ರ ನನ್ನ ಹಿಂದೆ ಒಂದು ಸಲವೂ ಕೂರಲಿಲ್ಲ. "ನೀನು ಸಿಗ್ನಲ್ ಜೊತೆನೂ ವಾದಕ್ಕೆ ನಿಲ್ಲೋಳು" ಅನ್ನುವುದು ಅವಳ ಕಾರಣ.

ಈ ಮಳೆಗಾಲಕ್ಕೆ ಮುಂಚೆ ಒಂದು ಶುಕ್ರವಾರ ಮಾಗಡಿ ರೋಡಿನ ಹತ್ತಿರದ ಅಂಗಡಿಯಲ್ಲಿ ಎರಡೂ ಟಯರ್ ಬದಲಿಸಿದೆ. ಹಳೆಯವು ಬೋಳಾಗಿ ಹೊಳೆಯುತ್ತಿದ್ದವು. ಎಲ್ಲ ಮುಗಿದ ಮೇಲೆ, "ಬ್ಯಾಲೆನ್ಸಿಂಗ್ ಮಾಡಲ್ವಾ ಅಣ್ಣ?" ಅಂತ ಕೇಳಿದೆ.

"ಕಾರಿಗೆ ಮಾಡ್ತೀವಿ ಮೇಡಂ. ಈ ಕಡ್ಡಿ ಚಕ್ರ ನಮ್ ಮಿಷಿನ್ ಮೇಲೆ ಕೂರಲ್ಲ. ಬೈಕಿಗೆಲ್ಲ ಯಾರ್ ಮಾಡುಸ್ತಾರೆ ಬಿಡಿ."

"ಯಾರೂ ಮಾಡ್ಸಲ್ಲ ಅಂದ್ರೆ ಬೇಕಾಗಿಲ್ಲ ಅಂತ ಅರ್ಥನಾ?"

ಅಣ್ಣ ನನ್ನ ಮುಖ ನೋಡಿದ. "ಮೊದ್ಲು ನೂರು ಕಿಲೋಮೀಟ್ರು ನಿಧಾನ ಹೋಗಿ ಮೇಡಂ" ಅಂದು ಮುಂದಿನ ಗಾಡಿಗೆ ಹೋದ.

ಮನೆಗೆ ಬಂದರೆ ಗೇಟಿನಲ್ಲೇ ಅಮ್ಮ, ಕೈಯಲ್ಲಿ ತಟ್ಟೆ. ಅರಿಶಿನ, ಕುಂಕುಮ, ಎರಡು ನಿಂಬೆಹಣ್ಣು, ಹಳದಿ ದಾರ, ಒಂದು ಕೊಂಬು. ಕೊಂಬೆಂದರೆ ಅಂತಿಂಥ ಕೊಂಬಲ್ಲ, ಎರಡು ಕವಲೊಡೆದ, ಹೆಬ್ಬೆರಳಿಗಿಂತ ದಪ್ಪನೆಯದು. ಅಮ್ಮನಿಗೆ ಯಾವುದರಲ್ಲೂ ಕಂಜೂಸುತನವಿಲ್ಲ.

"ಅಮ್ಮಾ, ಹೊಸ ಟಯರ್ ಮೇಲೆ ನಿಂಬೆರಸ ಬಿದ್ರೆ ಜಾರತ್ತೆ."

"ಒಂದು ನಿಂಬೆಹಣ್ಣಿಗೆ ಜಾರೋ ಟಯರ್ ಯಾಕೆ ತಂದೆ?"

ಇಂಥ ಪ್ರಶ್ನೆಗೆ ಕಾಲೇಜಿನಲ್ಲಿ ಯಾರೂ ನನ್ನನ್ನು ತಯಾರು ಮಾಡಿರಲಿಲ್ಲ. ಒಂದು ಒಪ್ಪಂದಕ್ಕೆ ಬಂದೆವು. ನಿಂಬೆಹಣ್ಣು ಹಿಂದಿನ ಚಕ್ರಕ್ಕೆ ಮಾತ್ರ. ಮುಂದಿನದಕ್ಕೆ ಕೊಂಬು. ಅಮ್ಮ ಕುಕ್ಕರಗಾಲಲ್ಲಿ ಕೂತು, ಒಳಗಡೆಯ ಗ್ರೀಸು ಸೀರೆಗೆ ತಾಗೀತೆಂದು ರಿಮ್ಮಿನ ಹತ್ತಿರವೇ ಒಂದು ಕಡ್ಡಿಗೆ ಕೊಂಬನ್ನು ಬಿಗಿಯಾಗಿ ಕಟ್ಟಿದಳು.

"ಒಂಬತ್ತು ದಿನ ಯಾರೂ ಮುಟ್ಟಬಾರ್ದು. ಹತ್ತನೇ ದಿನ ನಾನೇ ಬಿಚ್ಚಿ ತುಳಸಿ ಬುಡಕ್ಕೆ ಹಾಕ್ತೀನಿ."

"ಕಟ್ಕೋ ಅಮ್ಮ, ಅದ್ರಿಂದ ಏನೂ ಆಗಲ್ಲ."

"ಏನೂ ಆಗ್ದೇ ಇರ್ಲಿ ಅಂತ್ಲೇ ಕಣೇ ಕಟ್ಟೋದು."

ಮಾರನೆಯ ದಿನ ನಾಗರಭಾವಿ ರಿಂಗ್ ರೋಡಿನಲ್ಲಿ ಮುಳ್ಳು ಅರವತ್ತಕ್ಕೆ ಬಂದದ್ದೇ ಹ್ಯಾಂಡಲ್ ಚಳಿಜ್ವರ ಬಂದಂತೆ ನಡುಗಿತು. ಐವತ್ತಕ್ಕೆ ಇಳಿಸಿದರೆ ನಿಂತಿತು. ಮತ್ತೆ ಅರವತ್ತು, ಮತ್ತೆ ನಡುಕ. ನನಗೆ ಭಯಕ್ಕಿಂತ ಖುಷಿಯೇ ಹೆಚ್ಚಾಯಿತು, ಟಯರಂಗಡಿ ಅಣ್ಣನ ವಾದ ಬಿದ್ದುಹೋಯಿತಲ್ಲ ಅಂತ. ಆ ಖುಷಿಯಲ್ಲೇ ಮಧ್ಯಾಹ್ನದ ಊಟಕ್ಕೆ ಕೂತಾಗ ಇಡೀ ವಿಷಯವನ್ನು ಕೈ ನಡುಗಿಸಿ ತೋರಿಸಿ ವರ್ಣಿಸಿದೆ. ನಾನು ಗೆದ್ದ ಚರ್ಚೆಗಳಿಗಿಂತ ಬಾಯಿ ಮುಚ್ಚಿಕೊಂಡಿರಬೇಕಾಗಿದ್ದ ಜಾಗಗಳ ಪಟ್ಟಿಯೇ ಉದ್ದವಿದೆ.

ಅಮ್ಮ ಸೌಟು ಕೆಳಗಿಟ್ಟಳು. "ಆಯ್ತು. ಬೈಕು ಕೊಟ್ಬಿಡೋಣ."

ಕೊಳ್ಳುವವರು ತಯಾರಾಗಿಯೇ ಇದ್ದರು. ಮಲ್ಲತ್ತಹಳ್ಳಿಯಲ್ಲಿ ಅಪ್ಪನ ಹಳೆಯ ಶಿಷ್ಯರೊಬ್ಬರಿದ್ದಾರೆ. ಹಳೇ ಬೈಕುಗಳನ್ನು ಉಜ್ಜಿ ತಿಕ್ಕಿ ನಡುಮನೆಯಲ್ಲಿ ಶೋಕೇಸಿನ ಗೊಂಬೆಯ ಹಾಗೆ ನಿಲ್ಲಿಸುವ ಹುಚ್ಚು. ಎರಡು ವರ್ಷದಿಂದ "ಸಾರ್, ಆ ಗಾಡಿ ನಂಗೇ ಕೊಡ್ಬೇಕು" ಅಂತ ದುಂಬಾಲು ಬಿದ್ದವರು. ನಮ್ಮ ಬೈಕು ಯಾರದೋ ಸೋಫಾ ಪಕ್ಕದಲ್ಲಿ ಪೆಟ್ರೋಲಿಲ್ಲದೆ ನಿಲ್ಲುವುದು ಕಣ್ಣ ಮುಂದೆ ಬಂತು.

"ಅಮ್ಮ, ಇದು ಚಿಕ್ಕ ವಿಷ್ಯ. ಚಕ್ರದ ತೂಕ ಒಂದು ಕಡೆ ಜಾಸ್ತಿ ಇದೆ, ಅಷ್ಟೆ. ನಾನೇ ಮನೇಲಿ ಸರಿ ಮಾಡ್ತೀನಿ. ಅಲ್ಲ, ಕೊಂಬು ಕಟ್ಟಿದ್ಮೇಲೇ ಅಲ್ವಾ ನಡುಗಿದ್ದು? ಅದೇನು ಮಾಡ್ತು?"

"ಅದಿಲ್ದಿದ್ರೆ ಬಿದ್ದೇ ಹೋಗಿರ್ತಿದ್ದೆ."

ಇಂಥ ವಾದಕ್ಕೆ ಜಗತ್ತಿನಲ್ಲಿ ಮದ್ದಿಲ್ಲ. ಕೊನೆಗೆ ಅಪ್ಪ ಮಧ್ಯೆ ಬಂದು, "ಸರಿ ಆಗಿದೆ ಅಂತ ನೀನು ಹೆಂಗೆ ಒಪ್ತೀಯ, ಅದ್ನ ಹೇಳಿಬಿಡು" ಅಂದರು. ಅಮ್ಮ ಷರತ್ತು ಹಾಕಿದಳು. "ನಾಳೆ ಬಿಟ್ಟು ಮುಂದಿನ ಭಾನುವಾರ ಇವಳ ಹಿಂದೆ ಕೂತು ಕೆಂಗೇರಿಗೆ ಹೋಗ್ತೀನಿ. ತೊಡೆ ಮೇಲೆ ಬಸ್ಸಾರಿನ ಡಬ್ಬಿ ಇರತ್ತೆ. ಒಂದು ತೊಟ್ಟು ಚೆಲ್ಲಿದ್ರೂ ಸೋಮವಾರ ಬೈಕು ಮಲ್ಲತ್ತಹಳ್ಳಿಗೆ. ನಿಮ್ಮಪ್ಪ ಓಡಿಸೋವಾಗ ಒಂದೇ ಒಂದು ದಿನ ಚೆಲ್ಲಿರ್ಲಿಲ್ಲ."

"ಯಾವ ಡಬ್ಬಿ?" ಅಂದೆ.

"ನೀನು ಗೆದ್ದಿದ್ದು. ಮೊದಲ್ನೇದು."

ಸಡಿಲ ಮುಚ್ಚಳದ್ದು! ನಾನು ರಸ್ತೆಗುಂಡಿಗಳಿಗೆ ವಿನಾಯಿತಿ ಕೇಳಿದೆ. ಸಿಗಲಿಲ್ಲ. ಹಂಪ್‌ಗಳಿಗೆ ಕೇಳಿದೆ. "ಹಂಪ್ ಕಾಣಲ್ವಾ ನಿಂಗೆ?" ಅಲ್ಲಿಗೆ ಕಲಾಪ ಮುಗಿಯಿತು. ಅಮ್ಮ ತಟ್ಟೆ ತೆಗೆದುಕೊಂಡು ಒಳಗೆ ಹೋದ ಮೇಲೆ ಅಪ್ಪ ಮೆಲ್ಲಗೆ ನನ್ನ ಕಡೆ ಬಾಗಿ, "ಬೇಕಾದಷ್ಟು ಚೆಲ್ಲಿದೆ ಕಣೇ. ಎಲ್ಲ ನನ್ನ ಬೆನ್ನ ಮೇಲೆ. ಒಂದೊಂದು ಭಾನುವಾರ ಶರ್ಟು ಒಗೆದು ಒಗೆದು ಸಾಕಾಗ್ತಿತ್ತು" ಅಂದರು.

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅವಳು ಬಸ್ಸಾರು ತರೋದು ಬಿಡ್ತಿದ್ಲು."

ಮಾರನೆಯ ದಿನ ಭಾನುವಾರ, ಬೆಳಗ್ಗೆಯೇ ನಡುಮನೆಯಲ್ಲಿ ಕೆಲಸ ಶುರುವಾಯಿತು. ಮನೆಯಲ್ಲಿ ಚಕ್ರ ಬ್ಯಾಲೆನ್ಸ್ ಮಾಡುವುದು ಬಹಳ ಸರಳ, ಬಹಳ ಮಜಾ. ಚಕ್ರ ಬಿಚ್ಚಿ, ಅದರ ನಡುವೆ ಅದರದೇ ಆಕ್ಸಲ್ ಕಂಬಿ ತೂರಿಸಿ, ಕಂಬಿಯ ಎರಡು ತುದಿಯನ್ನು ಎರಡು ಎತ್ತರದ ಸ್ಟೂಲುಗಳ ಮೇಲಿಟ್ಟು ಚಕ್ರ ತಿರುಗಲು ಬಿಡಬೇಕು. ಎಲ್ಲಿ ತೂಕ ಹೆಚ್ಚಿದೆಯೋ ಆ ಭಾಗ ತಾನಾಗಿ ಕೆಳಗೆ ಬಂದು ನಿಲ್ಲುತ್ತದೆ. ಅದಕ್ಕೆ ಎದುರು, ಅಂದರೆ ತುತ್ತತುದಿಗೆ, ಒಂದಿಷ್ಟು ತೂಕ ಸೇರಿಸಬೇಕು. ಮತ್ತೆ ತಿರುಗಿಸಬೇಕು. ಚಕ್ರ ಎಲ್ಲಿ ಬಿಟ್ಟರೆ ಅಲ್ಲೇ, ಯಾವ ಕಡೆಗೂ ವಾಲದೆ ನಿಂತರೆ ಗೆದ್ದ ಹಾಗೆ. ಯಾವ ಪಕ್ಷಕ್ಕೂ ವಾಲದಿರುವುದು ನನಗೆ ಜೀವನದಲ್ಲಿ ಸಾಧ್ಯವಾಗದ ಕೆಲಸ. ಚಕ್ರದಿಂದ ಮಾಡಿಸಲು ಹೊರಟಿದ್ದೆ.

ತೂಕಕ್ಕೆ ಅಪ್ಪನ ಸೀಸದ ತಂತಿ ಇತ್ತು, ಅವರು ರೇಡಿಯೋ ರಿಪೇರಿಗೆ ಬೆಸುಗೆ ಹಾಕುವುದು. ತುಂಡು ತುಂಡಾಗಿ ಕತ್ತರಿಸಿ ರಿಮ್ಮಿನ ಹತ್ತಿರ ಕಡ್ಡಿಗೆ ಸುತ್ತುವುದು. ಗುರುತಿಗೆ ಅಪ್ಪನದೇ ಸೀಮೆಸುಣ್ಣ. ನಿವೃತ್ತರಾದಾಗ ಒಂದು ಪೆಟ್ಟಿಗೆ ತಂದಿಟ್ಟುಕೊಂಡಿದ್ದು ಯಾಕೆ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವರು ಕುರ್ಚಿ ಎಳೆದುಕೊಂಡು ಕೂತು, ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು, "ಅಲ್ಲಿ ಅಲ್ಲ, ಇನ್ನೆರಡು ಕಡ್ಡಿ ಎಡಕ್ಕೆ. ಇನ್ನೊಂದ್ಸಲ ತಿರುಗ್ಸು. ಅವಸರ ಮಾಡ್ಬೇಡ" ಅಂತ ಹತ್ತನೇ ಕ್ಲಾಸಿಗೆ ಲೆಕ್ಕ ಬಿಡಿಸುವ ದನಿಯಲ್ಲಿ ಹೇಳಿಕೊಡುತ್ತಿದ್ದರು. ಅಮ್ಮ ಸೊಪ್ಪಿನ ಬುಟ್ಟಿ ಹಿಡಿದು ನಮ್ಮನ್ನು ದಾಟಿಕೊಂಡು ಹೋಗುತ್ತಾ, "ನಡುಮನೇಲಿ ಚಕ್ರ ಇಟ್ಕೊಂಡು ಅಪ್ಪ ಮಗಳು ಯಾರ ಜಾತಕ ನೋಡ್ತಿದೀರಾ?" ಅಂದಳು.

ಹಳದಿ ದಾರದ ಕೊಂಬು ಆ ಹೊತ್ತಿನಲ್ಲಿ ಚಕ್ರದಲ್ಲೇ ಇತ್ತು. ನಮ್ಮ ಕಣ್ಣ ಮುಂದೆಯೇ ಗಿರಗಿರ ತಿರುಗುತ್ತಿತ್ತು. ಒಂಬತ್ತು ದಿನ ಮುಟ್ಟಬಾರದೆಂಬ ಒಪ್ಪಂದವಿತ್ತಲ್ಲ, ಮುಟ್ಟಲಿಲ್ಲ. ಹನ್ನೆರಡು ಗಂಟೆಗೆ ಅಪ್ಪನ ತಂತಿಯ ಸುರುಳಿ ಪೂರಾ ಮುಗಿಯಿತು, ಅದೇ ಹೊತ್ತಿಗೆ ಚಕ್ರ ಬಿಟ್ಟಲ್ಲಿ ನಿಂತಿತು. ಹತ್ತು ಸಲ ಬೇರೆ ಬೇರೆ ಕಡೆ ಬಿಟ್ಟು ನೋಡಿದೆ. ಹತ್ತು ಸಲವೂ ನಿಂತಿತು. ಜೋಡಿಸಿಕೊಂಡು ರಿಂಗ್ ರೋಡಿಗೆ ಹೋದರೆ ಅರವತ್ತರಲ್ಲಿ ಹ್ಯಾಂಡಲ್ಲು ದೇವರ ಮುಂದಿನ ದೀಪದ ಹಾಗೆ ನಿಶ್ಚಲ. ಈ ಹೋಲಿಕೆ ಅಮ್ಮನದು, ನನ್ನದಲ್ಲ.

ಆ ವಾರ ಪೂರ್ತಿ ನಾನು ಮನೆಯಲ್ಲಿ ಗೆದ್ದವಳ ನಡಿಗೆ ನಡೆದೆ. ನೋಡಿದ್ಯಾ ಅಮ್ಮ, ಎಲ್ಲದಕ್ಕೂ ಕಾರಣ ಇರತ್ತೆ, ಅಳೆದು ನೋಡ್ಬೇಕು ಅಷ್ಟೆ, ಇತ್ಯಾದಿ. ಅಮ್ಮ "ಹೂಂ" ಅನ್ನುತ್ತಿದ್ದಳು. ಅಮ್ಮನ "ಹೂಂ" ಒಪ್ಪಿಗೆಯಲ್ಲ. ಅದು ನ್ಯಾಯಾಧೀಶರು ತೀರ್ಪು ಕಾದಿರಿಸುವ ಬಗೆ.

ಪರೀಕ್ಷೆಯ ಭಾನುವಾರ ಬಂತು. ಬೆಳಗ್ಗೆ ಎದ್ದು ನೋಡುವಾಗ ಅಮ್ಮ ಸ್ನಾನ ಮುಗಿಸಿ, ಕೊಂಬು ಬಿಚ್ಚಿ, ತುಳಸಿ ಕುಂಡಕ್ಕೆ ಹಾಕಿ, ಆಗಲೇ ಒಲೆಯ ಮುಂದೆ ಸೊಪ್ಪು ಬಸಿಯುತ್ತಿದ್ದಳು. ಹತ್ತನೇ ದಿನವಲ್ಲವೇ. ನಾನು ಪೆಟ್ರೋಲ್ ಹಾಕಿಸಲು ಹೊರಟೆ, ಹಾಗೇ ಖುಷಿಗೆ ರಿಂಗ್ ರೋಡಿನಲ್ಲಿ ಒಂದು ಸುತ್ತು. ಅರವತ್ತಕ್ಕೆ ಬಂತು.

ನಡುಗಿತು.

ಗಾಡಿ ಪಕ್ಕಕ್ಕೆ ಹಾಕಿ ಸೀಸದ ಸುತ್ತುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ. ಒಂದೂ ಜಾರಿಲ್ಲ. ಗಾಳಿ ಸರಿ. ನಟ್ಟು ಬಿಗಿ. ಕಾರಣವಿಲ್ಲದೆ ಏನೂ ಆಗುವುದಿಲ್ಲ ಅಂತ ವಾರವಿಡೀ ಭಾಷಣ ಮಾಡಿದವಳು ನಾನು, ಕಾರಣ ಮಾತ್ರ ಕೈಗೆ ಸಿಗುತ್ತಿಲ್ಲ. ಮಲ್ಲತ್ತಹಳ್ಳಿಯ ಸೋಫಾ ಕಣ್ಣಿಗೆ ಕಟ್ಟಿತು. ಬಗ್ಗಿ ಇನ್ನೊಮ್ಮೆ ನೋಡುವಾಗ ಒಂದು ಕಡ್ಡಿ ರಿಮ್ಮಿನ ಕಡೆ ಹಳದಿಯಾಗಿತ್ತು.

ಅದೇ ಕಡ್ಡಿ. ಹೆಬ್ಬೆರಳಿಗಿಂತ ದಪ್ಪನೆಯ ಕೊಂಬು. ರಿಮ್ಮಿನ ಹತ್ತಿರ. ನಾನು ಇಡೀ ಬೆಳಗ್ಗೆ ಕೂತು ಚಕ್ರವನ್ನು ಸರಿದೂಗಿಸಿದ್ದು ಆ ಕೊಂಬಿನ ಸಮೇತ! ಅದರಿಂದ ಏನೂ ಆಗುವುದಿಲ್ಲ ಅಂತ ಎಷ್ಟು ಸಲ ಹೇಳಿದ್ದೆನೆಂದರೆ, ಅದಕ್ಕೂ ತೂಕವಿದೆ ಎನ್ನುವುದನ್ನೇ ಮರೆತಿದ್ದೆ. ಮೂಢನಂಬಿಕೆ ಬೇರೆಯವರಿಗೆ ಮಾತ್ರ ಇರುತ್ತದೆ ಅಂದುಕೊಂಡಿದ್ದೆ ನೋಡಿ.

ಮನೆಗೆ ಬಂದಾಗ ಒಂಬತ್ತೂವರೆ. ಹತ್ತಕ್ಕೆ ಹೊರಡಬೇಕು. ಸೀಸದ ತಂತಿ ಒಂದು ತುಂಡೂ ಉಳಿದಿಲ್ಲ, ಭಾನುವಾರ ಅದು ಸಿಗುವ ಅಂಗಡಿಯೂ ತೆರೆದಿರುವುದಿಲ್ಲ. ಅಡುಗೆಮನೆಯಿಂದ ಒಗ್ಗರಣೆಯ ಸದ್ದು ಬರುತ್ತಿತ್ತು. ಬೆಕ್ಕಿನ ಹಾಗೆ ಹಿತ್ತಲಿಗೆ ಹೋಗಿ ತುಳಸಿ ಕುಂಡದ ಮಣ್ಣಿನಲ್ಲಿ ಬೆರಳಾಡಿಸತೊಡಗಿದೆ.

"ಏನೇ ಹುಡುಕ್ತಿದೀಯಾ?"

ಹಿಂದೆ ಅಮ್ಮ, ಕೈಯಲ್ಲಿ ಸೌಟು. ಅವಳ ಹಿಂದೆ ಬಾಗಿಲಲ್ಲಿ ಅಪ್ಪ, ಕೈಯಲ್ಲಿ ಪೇಪರು.

"ಕೊಂಬು" ಅಂದೆ.

"ಯಾವ ಕೊಂಬು? ಏನೂ ಆಗಲ್ವಲ್ಲ, ಅದಾ?"

"ಅಮ್ಮ, ಕೇಳು. ಇದಕ್ಕೆ ಕಾರಣ ಇದೆ. ಅದರ ತೂಕ ಸೇರಿಸ್ಕೊಂಡು ಬ್ಯಾಲೆನ್ಸ್ ಮಾಡಿದ್ದೆ. ಈಗ ಅದು ಹೋಯ್ತಲ್ಲ, ಆ ಕಡೆ ತೂಕ ಕಮ್ಮಿ ಆಗಿ..."

"ಕಟ್ಟಿದ್ದಾಗ ಸರಿ ಇತ್ತಾ?"

"ಇತ್ತು."

"ಬಿಚ್ಚಿದ್ಮೇಲೆ?"

"ನಡುಗ್ತಿದೆ. ಆದ್ರೆ ಅಮ್ಮ, ಅದು ಅರಿಶಿನ ಅಂತಲ್ಲ, ಅಲ್ಲಿ ಆಲೂಗಡ್ಡೆ ಕಟ್ಟಿದ್ರೂ..."

"ಆಲೂಗಡ್ಡೆ ಬುಟ್ಟೀಲಿದೆ, ತಗೊಂಡ್ಹೋಗು ಲಾಯರಮ್ಮ."

ಅಪ್ಪನ ಪೇಪರು ಮುಖಕ್ಕೆ ಅಡ್ಡ ಬಂದು ಅಲುಗಾಡತೊಡಗಿತು. ಹತ್ತು ಹನ್ನೆರಡು ವರ್ಷ ವೇದಿಕೆಗಳ ಮೇಲೆ ಗಂಟೆ ಬಾರಿಸುವವರೆಗೆ ಮಾತಾಡಿದವಳು ಆವತ್ತು ತುಳಸಿ ಕುಂಡದ ಮುಂದೆ ಕೂತು ಮತ್ತೆ ಮಣ್ಣು ಕೆದಕತೊಡಗಿದೆ. ನನ್ನ ವಾದ ನೂರಕ್ಕೆ ನೂರು ಸರಿ. ಸಾಕ್ಷಿ ಎಲ್ಲ ಅವಳ ಕಡೆ.

ಅಮ್ಮನೇ ಬಗ್ಗಿ, ಎಲೆ ಸರಿಸಿ ಕೊಂಬನ್ನು ತೆಗೆದು, ಸೆರಗಿನಲ್ಲಿ ಮಣ್ಣು ಒರೆಸಿ ಕೊಟ್ಟಳು. "ಹೊಸ ದಾರ ದೇವರಮನೇಲಿದೆ. ಸರಿಯಾಗಿ ಕಟ್ಟು. ನಿನ್ನ ಬೂಟಿನ ಲೇಸ್ ಥರ ಕಟ್ಬೇಡ."

ಹಳದಿ ಕಲೆ ಇದ್ದ ಜಾಗಕ್ಕೇ ಕಟ್ಟಿದೆ. ಕೈ ಹಳದಿಯಾಯಿತು. ಪರೀಕ್ಷಿಸಿ ನೋಡಲು ಸಮಯವಿರಲಿಲ್ಲ. ಅಮ್ಮ ಆಗಲೇ ಅಪ್ಪನ ಹೆಲ್ಮೆಟ್ ಹಾಕಿಕೊಂಡು, ಹೂವು ನಲುಗಿತೆಂದು ಬೈದುಕೊಳ್ಳುತ್ತಾ, ಕಂಠದವರೆಗೆ ತುಂಬಿದ ಡಬ್ಬಿ ಹಿಡಿದು ಗೇಟಿನಲ್ಲಿ ನಿಂತಿದ್ದಳು. 'ಚರ್ಚಾಸ್ಪರ್ಧೆ, ಪ್ರಥಮ' ಬಿಸಿಲಿಗೆ ಹೊಳೆಯುತ್ತಿತ್ತು.

ಅತ್ತಿಗುಪ್ಪೆಯಿಂದ ನಾಯಂಡಹಳ್ಳಿವರೆಗೆ ನಾನು ಉಸಿರಾಡಿದ ನೆನಪಿಲ್ಲ. ಒಂದೊಂದು ಗುಂಡಿಯನ್ನೂ ಹೆಸರು ಹಿಡಿದು ಕರೆಯುವಷ್ಟು ಹತ್ತಿರದಿಂದ ನೋಡಿ ದಾಟಿದೆ. ಮೈಸೂರು ರೋಡಿಗೆ ಬಿದ್ದ ಮೇಲೆ ದಾರಿ ಬಿಚ್ಚಿತು. ನಲವತ್ತು. ಭುಜ ಚಿವುಟುತ್ತಾಳೆ ಅಂತ ಕಾದೆ. ಚಿವುಟಲಿಲ್ಲ. ಐವತ್ತು. ಅರವತ್ತು. ಹ್ಯಾಂಡಲ್ಲು ಅಲುಗಲಿಲ್ಲ, ನಡುಗಲಿಲ್ಲ. ಹಿಂದಿನಿಂದ ಗಾಳಿಯಲ್ಲಿ ಅಮ್ಮನ ದನಿ ಬಂತು.

"ಇನ್ನೂ ಸ್ವಲ್ಪ ಹೋಗತ್ತಾ ಇದು?"

ನನಗೆ ನಗು ತಡೆಯಲಾಗಲಿಲ್ಲ. ಆ ನಗುವಿನಲ್ಲೇ ಕೆಂಗೇರಿ ಹತ್ತಿರ ಬಣ್ಣ ಬಳಿಯದ ಒಂದು ಹಂಪ್ ಕಾಣಲಿಲ್ಲ. ಬೈಕು ಧಡಕ್ಕೆಂದು ಎದ್ದು ಬಿತ್ತು. ಡಬ್ಬಿಯ ಮುಚ್ಚಳ ಟಣ್ ಅಂದಿತು. ಅಮ್ಮ ಒಂದು ಮಾತೂ ಆಡಲಿಲ್ಲ. ನಾನು ತಿರುಗಿ ನೋಡುವ ಧೈರ್ಯ ಮಾಡಲಿಲ್ಲ.

ದೊಡ್ಡಮ್ಮನ ಮನೆಯ ಮುಂದೆ ಇಳಿದು ಅಮ್ಮ ಡಬ್ಬಿಯನ್ನು ಎತ್ತಿ ಹಿಡಿದು, ಸುತ್ತ ತಿರುಗಿಸಿ ನೋಡಿ, ತೀರ್ಪು ಕೊಟ್ಟಳು. "ಒಂದು ತೊಟ್ಟೂ ಚೆಲ್ಲಿಲ್ಲ."

"ಅದಿರ್ಲಿ, ಸೆರಗು ಯಾಕೆ ಹಿಂಗೆ ಮುಂದಕ್ಕೆ ಎಳ್ದು ಸಿಗಿಸ್ಕೊಂಡಿದೀಯ?" ಅಂದರು ದೊಡ್ಡಮ್ಮ.

"ಗಾಳಿಗೆ ಕಣಕ್ಕ. ಏನು ಸ್ಪೀಡಾಗಿ ಓಡಿಸ್ತಾಳೆ ಗೊತ್ತಾ" ಅಂದಳು ಅಮ್ಮ. ದೂರಿನ ಹಾಗಿತ್ತು ಮಾತು, ದನಿ ಹಾಗಿರಲಿಲ್ಲ. ಅಲ್ಲೇ ಕೂತು ಫೋನ್ ತೆಗೆದು ಮಲ್ಲತ್ತಹಳ್ಳಿಗೆ ಹೇಳಿಬಿಟ್ಟಳು. "ಇಲ್ಲಪ್ಪ, ಕೊಡಲ್ಲ. ನಂಗೆ ಭಾನುವಾರ ಬೇಕಾಗತ್ತೆ."

ಅಪ್ಪ ಆಮೇಲೆ ಹೊಸ ಸೀಸದ ಸುರುಳಿ ತಂದಿದ್ದಾರೆ. ಕೊಂಬನ್ನು ಒಂದು ದಿನ ದಿನಸಿ ಅಂಗಡಿಯ ತಕ್ಕಡಿಗೆ ಹಾಕಿ ನೋಡಿದೆ, ಹದಿನೆಂಟು ಗ್ರಾಂ. ಅಷ್ಟೇ ತೂಕದ ತಂತಿಯನ್ನು ಕತ್ತರಿಸಿ ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಕೊಂಬು ಬಿಚ್ಚಿ ಅದನ್ನು ಸುತ್ತಲು ಹತ್ತು ನಿಮಿಷ ಸಾಕು. ಬಿಡುವಾಗಿಲ್ಲ.

ಇನ್ನೊಂದು ಸಂಗತಿ ಉಳಿಯಿತು. ಆ ಭಾನುವಾರದ ಮಾರನೆಯ ಬೆಳಗ್ಗೆ ಬಟ್ಟೆ ಒಣಗಿಸಲು ತಾರಸಿಗೆ ಹೋದೆ. ತಂತಿಯ ಮೇಲೆ ಅಮ್ಮನ ಹಿಂದಿನ ದಿನದ ಸೀರೆ ಆಗಲೇ ಒಣಗುತ್ತಿತ್ತು. ಮನೆಯಲ್ಲಿ ಎಲ್ಲರ ಬಟ್ಟೆ ಒಟ್ಟಿಗೆ ಒಗೆಯುವವಳು ಅದೊಂದನ್ನು ಮಾತ್ರ ಬೇರೆಯಾಗಿ, ಬೇಗ ಎದ್ದು ಒಗೆದಿದ್ದಳು. ನಿರಿಗೆ ಬರುವ ಜಾಗದಲ್ಲಿ, ಎಷ್ಟು ಉಜ್ಜಿದರೂ ಪೂರ್ತಿ ಹೋಗದ ಕಂದು ಕಲೆ, ಅಂಗೈಯಗಲ. ಪಕ್ಕದ ಕಟ್ಟೆಯ ಮೇಲೆ ಉಜ್ಜಿ ಹಿಂಡಿದ ನಿಂಬೆಹಣ್ಣಿನ ಹೋಳು.

ಸಾಕ್ಷಿ ಎಲ್ಲಿ, ಸಾಕ್ಷಿ ಎಲ್ಲಿ ಅಂತ ಊರೆಲ್ಲ ಕೇಳಿಕೊಂಡು ತಿರುಗುವವಳ ಮುಂದೆ ಆರು ಗಜದ ಸಾಕ್ಷಿ ಗಾಳಿಗೆ ಪಟಪಟ ಹಾರುತ್ತಿತ್ತು.

"ಏನೇ ಮಾಡ್ತಿದೀಯ ಅಷ್ಟು ಹೊತ್ತು ಮೇಲೆ?" ಕೆಳಗಿನಿಂದ ಅಮ್ಮ ಕೂಗಿದಳು.

ನಾನು ಸೀರೆಯ ಮಡಿಕೆ ಸರಿಸಿ, ಕಲೆ ಒಳಗೆ ಹೋಗುವ ಹಾಗೆ ಕ್ಲಿಪ್ಪು ಹಾಕಿದೆ. "ಏನಿಲ್ಲಮ್ಮ" ಅಂದೆ, "ಮಳೆ ಬರೋ ಹಾಗಿದ್ಯಾ ಅಂತ ನೋಡ್ತಿದ್ದೆ."